ಎಳೆದರೆ ಕಗ್ಗಂಟು

ಮುಳಬಾಗಿಲಿಗೆ ಸಮೀಪದ ಕುರುಡುಮಲೆಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 13½ ಅಡಿ ಎತ್ತರದ ಗಣಪತಿಯಿದ್ದಾನೆ. ದೇವತೆಗಳು ಬಂದು ಕೂಡಿದ ಮಲೆಯಾದುದರಿಂದ ಅದು ಮೊದಲು ಕೂಡುಮಲೆಯಾಗಿದ್ದಿತೆಂದೂ, ಜನರ ಬಾಯಲ್ಲಿ ಕುರುಡುಮಲೆಯಾಯಿತೆಂದೂ ಊರವರು ಹೇಳುತ್ತಾರೆ. ವಿಘ್ನಗಳನ್ನು ನಿವಾರಿಸತಕ್ಕ ಆ ದೇವನ ಬಾಗಿಲಲ್ಲಿಯೇ ನಾನೊಂದು ವಿಘ್ನವನ್ನು ಉಂಟುಮಾಡಿದ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಗುಡಿಯ ಹೊರಗೆ ಹೂ ಕಟ್ಟುತ್ತ ಕುಳಿತಿದ್ದ ಮುದುಕಿಯೊಬ್ಬಳ ದಾರದ ಉಂಡೆಯನ್ನು ಮಗುವೊಂದು ಎಳೆದಾಡಿ ಸಿಕ್ಕುಮಾಡಿದ್ದಿತು. ಮಂಗಳಾರತಿಯ ಹೊತ್ತು ಹತ್ತಿರವಾಗಿತ್ತು. ಬುಟ್ಟಿಯಲ್ಲಿ ಕಟ್ಟಬೇಕಾದ ಸೇವಂತಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಬಾಡಿದ ಬಿಡಿಹೂವನ್ನು ಸಂಜೆಗೆ ಯಾರು ಕೊಳ್ಳುತ್ತಾರೆ? ನಾನು ಸಹಾಯಕ್ಕೆಂದು ಕುಳಿತು, ಕಣ್ಣಿಗೆ ಬಿದ್ದ ತುದಿಯೊಂದನ್ನು ಹಿಡಿದು ಜಗ್ಗಿದೆನು. ಸಿಕ್ಕು ಕಿರಿದಾಯಿತು. ಸಂತೋಷಪಟ್ಟು ಮತ್ತೊಮ್ಮೆ ಜಗ್ಗಿದೆನು. ಅದು ಕಡಲೆಕಾಯಿಯಷ್ಟಾಗಿ ಕಲ್ಲಿನಂತೆ ಬಿಗಿದುಕೊಂಡಿತು.

“ಎಳೀಬೇಡಿ ಸ್ವಾಮಿ, ಎಳೆದಷ್ಟೂ ಬಿಗೀತದೆ” ಎಂದು ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಕತ್ತರಿಸಿಬಿಡೋಣವೇ ಅಜ್ಜಿ?”

“ಕತ್ತರಿಸಿದ್ರೆ ತುಂಡಿಗೊಂದು ಗಂಟು. ಆಮೇಲೆ ಮಾಲೆಯೆಲ್ಲಾ ಗಂಟೇ ಆಯ್ತದೆ.”

ಆಕೆ ತುದಿಗಳ ಗೊಡವೆಗೇ ಹೋಗಲಿಲ್ಲ. ಗಂಟನ್ನು ಅಂಗೈಗಳ ನಡುವೆ ಹೊಸೆದು ಮೆದುಮಾಡಿದಳು. ಉಗುರಿನಿಂದ ಒಂದೊಂದೇ ಎಳೆಯನ್ನು ಹೊರಕ್ಕೆ ಸರಿಸಿ ಸುರುಳಿಗಳನ್ನು ಹಿಗ್ಗಿಸಿದಳು. ಕಡಲೆಕಾಯಿಯಷ್ಟಿದ್ದುದು ಊಟದೆಲೆಯಷ್ಟಗಲ ಹರಡಿತು. ನೋಡುವವರಿಗೆ ಸಿಕ್ಕು ಇಮ್ಮಡಿಯಾದಂತೆ ತೋರುತ್ತಿತ್ತು.

ನಾಚಿಕೆಯ ಸಂಗತಿಯೆಂದರೆ, ನಾನು ಗಂಟುಗಳ ಗಣಿತವನ್ನು ಅಷ್ಟಿಷ್ಟು ಓದಿಕೊಂಡವನು. ಗಣಿತಜ್ಞರು ದಾರದ ಎರಡು ತುದಿಗಳನ್ನೂ ಒಂದಕ್ಕೊಂದು ಬೆಸೆದುಬಿಡುತ್ತಾರೆ. ತುದಿ ಬಿಡಿಯಾಗಿದ್ದರೆ ಅದನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ನುಸುಳಿಸಿ ಎಂಥ ಗಂಟನ್ನಾದರೂ ಬಿಚ್ಚಬಹುದಲ್ಲವೇ? ಬೆಸೆದ ಮೇಲೆ ಪ್ರಶ್ನೆ ಹುಟ್ಟುತ್ತದೆ: ಈ ಸಿಕ್ಕು ನಿಜವಾದ ಗಂಟೋ, ಅಥವಾ ಗಂಟಿನ ವೇಷ ತೊಟ್ಟ ಬರಿಯ ಬಳೆಯೋ?

1927ರಲ್ಲಿ ಜರ್ಮನಿಯ ರೈಡೆಮೈಸ್ಟರ್ ಎಂಬಾತನು, ಬಿಡಿಸುವ ಕೆಲಸವೆಲ್ಲವೂ ಮೂರೇ ಬಗೆಯ ಚಲನೆಗಳಿಂದ ಆಗುತ್ತದೆಂದು ತೋರಿಸಿದನು. ಎಳೆಯಲ್ಲಿ ಒಂದು ತಿರುವನ್ನು ಹಾಕುವುದು ಇಲ್ಲವೆ ತೆಗೆಯುವುದು. ಒಂದೆಳೆಯನ್ನು ಇನ್ನೊಂದರ ಮೇಲಕ್ಕೆ ಸರಿಸುವುದು ಇಲ್ಲವೆ ಹಿಂದಕ್ಕೆ ತರುವುದು. ಎರಡೆಳೆಗಳು ದಾಟುವೆಡೆಯಲ್ಲಿ ಮೂರನೆಯದನ್ನು ಆಚೆಯಿಂದ ಈಚೆಗೆ ಜರುಗಿಸುವುದು. ಇಷ್ಟೇ. ಆದರೆ 1934ರಲ್ಲಿ ಗೋರಿಟ್ಸ್ ಎಂಬಾತನು ಒಂದು ವಿಚಿತ್ರವಾದ ಸಿಕ್ಕನ್ನು ಮುಂದಿಟ್ಟನು. ಎಳೆಯು ಎಳೆಯನ್ನು ದಾಟುವ ಸ್ಥಳಗಳು ಅದರಲ್ಲಿ 11. ಅದು ವಾಸ್ತವವಾಗಿ ಬರಿಯ ಬಳೆಯೇ. ಆದರೂ ದಾಟುಗಳನ್ನು ಮೊದಲು ಹೆಚ್ಚಿಸಿಕೊಳ್ಳದೆ ಅದನ್ನು ಬಿಡಿಸಲು ಬರುವುದಿಲ್ಲ. ಅಜ್ಜಿ ಎಲೆಯಗಲ ಹರಡಿದ್ದು ಏಕೆಂಬುದು ಆಗ ನನಗೆ ಹೊಳೆಯಿತು.

ಸಿಕ್ಕು ಬರಿಯ ಬಳೆಯೋ ಅಲ್ಲವೋ ಎಂದು ನಿಶ್ಚಯಿಸುವ ಕ್ರಮವನ್ನು ಹಾಕೆನ್ 1961ರಲ್ಲಿ ಪ್ರಕಟಿಸಿದನು. ಬಳೆಯೇ ಆಗಿದ್ದರೆ ಹೆಚ್ಚೆಂದರೆ ಎಷ್ಟು ಚಲನೆಗಳು ಸಾಕೆಂಬುದಕ್ಕೆ 2015ರಲ್ಲಿ ಲ್ಯಾಕೆನ್‌ಬಿ ಒಂದು ಮಿತಿಯನ್ನು ಕೊಟ್ಟನು: ದಾಟುಗಳ ಸಂಖ್ಯೆಯನ್ನು 236ರಿಂದ ಗುಣಿಸಿ, ಬಂದುದನ್ನು ಹನ್ನೊಂದನೆಯ ಘಾತಕ್ಕೇರಿಸಬೇಕು. 10 ದಾಟುಗಳ ಸಿಕ್ಕಿಗೆ ಇದು 38 ಅಂಕಿಗಳ ಸಂಖ್ಯೆಯಾಗುತ್ತದೆ! ಅಜ್ಜಿಗೆ ಅಷ್ಟು ಹೊತ್ತು ಬೇಕಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮಗುವನ್ನು ಬಯ್ದೂ ಫಲವಿಲ್ಲ. ಅಮೆರಿಕದ ರೇಮರ್ ಮತ್ತು ಸ್ಮಿತ್ ಎಂಬವರು ದಾರವನ್ನು ಪೆಟ್ಟಿಗೆಯಲ್ಲಿ ಹಾಕಿ ಉರುಳಿಸಿ, 3,415 ಸಲ ಪರೀಕ್ಷಿಸಿ, 2007ರಲ್ಲಿ ಫಲಿತವನ್ನು ಪ್ರಕಟಿಸಿದರು. 46 ಸೆಂಟಿಮೀಟರಿಗಿಂತ ಗಿಡ್ಡ ದಾರ ಗಂಟಾಗಲಿಲ್ಲ; ಉದ್ದ ಹೆಚ್ಚಿದಂತೆ ಗಂಟುಗಳು ತಾವಾಗಿಯೇ ಬಿದ್ದುವು. ಅಲುಗಾಟದಲ್ಲಿ ತುದಿಯು ಸುರುಳಿಗಳ ನಡುವೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಪಂಚೆಯ ಸೊಂಟದಲ್ಲಿ ಜನಿವಾರ ಸಿಕ್ಕಿಕೊಳ್ಳುವ ಮಹನೀಯರು ಇದರಿಂದ ಸಮಾಧಾನ ಹೊಂದಬಹುದು.

ಆಕೆ ಬಿಡಿಸುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಎದುರುಮನೆಯ ಹೊಸಿಲ ಮುಂದಿನ ಚುಕ್ಕಿಯ ರಂಗವಲ್ಲಿಯ ಮೇಲಿದ್ದಿತು. ವಾಚಕರು ಸಾಲಿಗೆ ಮೂರರಂತೆ ಎರಡು ಸಾಲು ಚುಕ್ಕಿಗಳನ್ನಿಟ್ಟು ನೋಡಲಿ. ಅಕ್ಕಪಕ್ಕದ ಎರಡೆರಡು ಚುಕ್ಕಿಗಳ ನಡುವೆ ಒಮ್ಮೆ ದಾಟುತ್ತ, ಅಂಚಿಗೆ ಬಂದಾಗ ಬಾಗಿ ಒಳಕ್ಕೆ ತಿರುಗುತ್ತ ಗೆರೆಯೆಳೆದರೆ, ಎಲ್ಲ ಚುಕ್ಕಿಗಳನ್ನೂ ಸುತ್ತಿ ಒಂದೇ ಗೆರೆ ಹೊರಟಲ್ಲಿಗೇ ಮರಳುತ್ತದೆ. ಮೂರಕ್ಕೆ ಮೂರು ಚುಕ್ಕಿಗಳಾದರೆ ಮೂರು ಗೆರೆಗಳು ಬೇಕು. ನಾಲ್ಕಕ್ಕೆ ಆರಾದರೆ ಎರಡು. ಶಾಲೆಯಲ್ಲಿ ನಮ್ಮನ್ನು ಪೀಡಿಸಿದ ಮಹತ್ತಮ ಸಾಮಾನ್ಯ ಅಪವರ್ತನವೇ ಇಲ್ಲಿ ಅಂಗಳಕ್ಕಿಳಿದಿದೆ.

ಎರಡಕ್ಕೆ ಮೂರರ ಆ ಚಿತ್ರದಲ್ಲಿ ಏಳು ದಾಟುಗಳಿವೆ. ರಂಗೋಲಿಯ ಪುಡಿಯಲ್ಲಿ ಹೊಸ ಎಳೆ ಸದಾ ಹಳೆಯ ಎಳೆಯ ಮೇಲೆಯೇ ಬೀಳುತ್ತದೆ. ದಾರವನ್ನೂ ಹಾಗೆಯೇ ಹೊಸದನ್ನು ಹಳೆಯದರ ಮೇಲಿಡುತ್ತ ಹೋಗಿ ತುದಿಗಳನ್ನು ಕೂಡಿಸಿದರೆ, ಎಷ್ಟೇ ಜಟಿಲವಾಗಿ ಕಂಡರೂ ಅದು ಬರಿಯ ಬಳೆ. ಅದೇ ದಾರವನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಂದು ಹಾಯಿಸಿ ಕೂಡಿಸಿದರೋ, ಆ ಏಳರಲ್ಲಿ ಒಂದನ್ನೂ ಯಾರಿಂದಲೂ ಕಡಿಮೆಮಾಡಲಾಗದು. ಸ್ಕಾಟ್ಲೆಂಡಿನ ಟೇಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಊಹಿಸಿದ್ದ ಈ ನಿಯಮವು ಸಿದ್ಧವಾದುದು 1987ರಲ್ಲಿ. ನೆಲದ ಮೇಲಿನ ಚಿತ್ರ ಒಂದೇ. ಗಂಟಾಗುವುದೂ ಆಗದಿರುವುದೂ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಅವಲಂಬಿಸಿದೆ.

ಕೋಲಾರದ ಸೀಮೆಯ ರೈತರಿಗೆ ಇದಕ್ಕಿಂತ ಉತ್ತಮವಾದ ನಿದರ್ಶನ ಮನೆಯಲ್ಲಿಯೇ ಇದೆ. ಚಂದ್ರಿಕೆಯ ಮೇಲೆ ಗೂಡು ಕಟ್ಟುವ ರೇಷ್ಮೆಹುಳು ತಲೆಯನ್ನು ಅತ್ತಿತ್ತ ಆಡಿಸುತ್ತ ಸಾವಿರ ಮೀಟರಿನ ಆಸುಪಾಸು ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ಹಾಸಿಕೊಳ್ಳುತ್ತದೆ. ಗೂಡನ್ನು ಬಿಸಿನೀರಿಗೆ ಹಾಕಿ ಹೊರತುದಿಯನ್ನು ಹಿಡಿದರೆ ಆ ಎಳೆ ಗಂಟಿಲ್ಲದೆ ಬಿಚ್ಚಿ ಬರುತ್ತದೆ. ಹುಳು ಒಳಗಿದ್ದುಕೊಂಡು ಹಳೆಯ ಪದರದ ಮೇಲೆ ಹೊಸದನ್ನು ಹಚ್ಚುತ್ತದೆಯೇ ಹೊರತು, ಹಾಸಿದ ಎಳೆಯ ಕೆಳಗೆ ಎಂದಿಗೂ ನುಸುಳುವುದಿಲ್ಲ. ನಮ್ಮ ಬಾವಿಯ ಹಗ್ಗವನ್ನು ಸುತ್ತಿಡುವವರು ಈ ಹುಳುವಿನ ಶಿಷ್ಯತ್ವ ವಹಿಸುವುದು ಲೇಸು.

ಅಷ್ಟರಲ್ಲಿ ಅಜ್ಜಿಯ ಕೈಯಲ್ಲಿ ದಾರ ಒಂದೇ ಎಳೆಯಾಗಿ ಹರಿಯುತ್ತಿತ್ತು. ಅದನ್ನು ಕಡ್ಡಿಯೊಂದಕ್ಕೆ ಸುತ್ತಿಕೊಂಡು ಹೂ ಕಟ್ಟಲು ತೊಡಗಿದಳು. ಮಂಗಳಾರತಿಯ ಗಂಟೆ ಬಾರಿಸುವ ಮೊದಲೇ ಬುಟ್ಟಿ ಬರಿದಾಯಿತು. ನಾನು ಎರಡು ಮೊಳ ಸೇವಂತಿಗೆಗೆ ಹಣ ಕೊಟ್ಟು, ಜೊತೆಗೆ ಒಂದು ಮಾರು ದಾರವನ್ನೂ ಬೇಡಿ ತಂದೆನು. ಅದರಿಂದ ಮಾಡಿದ ಏಳು ದಾಟುಗಳ ಗಂಟು, ತುದಿಗಳೆರಡನ್ನೂ ಅಂಟಿಸಿದ ಹಾಗೆಯೇ, ನನ್ನ ಮೇಜಿನ ಮೇಲಿದೆ. ಮೊಮ್ಮಗಳು ದಿನಕ್ಕೊಮ್ಮೆ ಬಂದು, “ತಾತ, ಇವತ್ತು ಬಿಡಿಸ್ತೀನಿ ನೋಡು” ಎಂದು ಅದನ್ನೆತ್ತಿಕೊಳ್ಳುತ್ತಾಳೆ. ಅದು ಬಿಡಿಸಬಾರದ ಗಂಟೆಂದು ಇನ್ನೂ ಹೇಳಿಲ್ಲ; “ಎಳೀಬೇಡ” ಎಂದಷ್ಟೇ ಹೇಳಿದ್ದೇನೆ.