ಮನೆಮಾತು: ಉಪ್ಪುನೀರಿನ ಮೀನು, ಬೇಳೆಯ ನೊರೆ



ಈ ಪಕ್ಷ ಬಂದ ಪತ್ರಗಳಲ್ಲಿ ಮಾವಿನ ಉಪ್ಪಿನಕಾಯಿಗೆ ಬೂಷ್ಟು ಹಿಡಿದದ್ದು, ಸೊಸೆಯ ಬಾಣಂತನ, ಮಗ್ಗುಲ ಮನೆಯವರ ತಕರಾರು ಎಲ್ಲವೂ ಇದ್ದವು. ಅವುಗಳ ನಡುವೆ ಎರಡು ಪತ್ರ ಮಾತ್ರ ಬೇರೆ ತರಹದವು. ಎರಡೂ ಮೀನು ಸಾಕುವ ಗಾಜಿನ ತೊಟ್ಟಿಯನ್ನು ಕುರಿತವು. ಎರಡರಲ್ಲಿಯೂ ‘ಪ್ರೋಟೀನ್ ಸ್ಕಿಮ್ಮರ್’ ಎಂಬ ಒಂದೇ ಯಂತ್ರದ ಹೆಸರು. ಸಮುದ್ರವನ್ನೇ ಕಾಣದ ನಮ್ಮ ಸೀಮೆಗೂ ಉಪ್ಪುನೀರಿನ ಮೀನು ಬಂತಲ್ಲ ಎಂದು ಮೊದಲು ನಗು ಬಂತು. ಪತ್ರ ಪೂರ್ತಿ ಓದಿದ ಮೇಲೆ ನಗು ನಿಂತಿತು.

ಭಾಲ್ಕಿಯ ಸೋದರಿ ಬರೆದಿದ್ದಾರೆ: ಹೈದರಾಬಾದಿನಲ್ಲಿ ಓದುವ ಮಗ ರಜೆಗೆ ಬಂದಾಗ 60 ಲೀಟರಿನ ತೊಟ್ಟಿ ತಂದು, ಉಪ್ಪುನೀರು ತುಂಬಿಸಿ, ಕಿತ್ತಳೆ ಮೈಮೇಲೆ ಬಿಳಿ ಪಟ್ಟಿ ಇರುವ ಎರಡು ಕ್ಲೌನ್ ಮೀನು ಬಿಟ್ಟು ಹೋದ. ಈಗ ಅವನ್ನು ನೋಡಿಕೊಳ್ಳುವುದು ಅವ್ವನ ಪಾಲಿಗೆ ಬಂದಿದೆ. ನೀರು ಹಳದಿಯಾಗಿದೆ, ಮೇಲೆ ಜಿಡ್ಡಿನ ಪದರ ಕಾಣುತ್ತದೆ. ಅಂಗಡಿಯವರನ್ನು ಕೇಳಿದರೆ, “ಸ್ಕಿಮ್ಮರ್ ಹಾಕದಿದ್ರ ಮೀನು ಉಳಿಯೂದಿಲ್ರಿ ಅಕ್ಕಾ, 7,000 ರೂಪಾಯಿ ಆಗ್ತದ” ಎಂದರಂತೆ. ಭಿಶಿಯ 8,000 ರೂಪಾಯಿ ಈ ತಿಂಗಳು ಕೈಗೆ ಬಂದಿದೆ, ಆದರೆ ಅದು ಮಗಳ ಫೀಸಿನ ಹಣ. “ಮೀನು ಸತ್ರ ಮಗ ನೊಂದ್ಕೋತಾನ, ರೊಕ್ಕ ಕೊಟ್ರ ಮಗಳ ಫೀಸಿಗೆ ಏನು ಮಾಡ್ಲಿ?” ಎಂದು ಕೇಳಿದ್ದಾರೆ.

ಔರಾದದ ಸೋದರಿಯ ಪತ್ರ ಸಣ್ಣದು. ಯಜಮಾನರ ಅಂಗಡಿಯಲ್ಲಿ ಗೋಲ್ಡ್ ಫಿಶ್ ಇಟ್ಟಿದ್ದಾರೆ. ಅದಕ್ಕೂ ಸ್ಕಿಮ್ಮರ್ ಹಾಕಿಸಬೇಕೇ ಎಂದು ಕೇಳಿದ್ದಾರೆ.

ನೊರೆ ಏಳುವುದು ಹೇಗೆ?

ತೊಗರಿ ಬೇಳೆ ಕುದಿಯಲು ಇಟ್ಟಾಗ ಮೇಲೆ ಬಿಳಿ ಬುರುಗು ಬರುವುದನ್ನು ದಿನಾ ನೋಡುತ್ತೇವೆ. ಬೇಳೆಯ ಸಸಾರಜನಕ, ಅಂದರೆ ಪ್ರೋಟೀನು, ನೀರಿಗೆ ಬಿಟ್ಟುಕೊಂಡು ಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ಬರುತ್ತದೆ. ನಾವು ಅದನ್ನು ಸೌಟಿನಿಂದ ತೆಗೆದು ಚೆಲ್ಲುತ್ತೇವೆ. ಮಳೆಗಾಲದಲ್ಲಿ ಕಾರವಾರದ ಕಡೆ ಹೋದವರು ದಂಡೆಯ ಮೇಲೆ ನೊರೆ ರಾಶಿ ಬಿದ್ದಿರುವುದನ್ನು ಕಂಡಿರಬಹುದು. ಅದೂ ಇದೇ ಜಾತಿಯದು.

ಸ್ಕಿಮ್ಮರ್ ಮಾಡುವುದೂ ಇಷ್ಟೇ ನೋಡ್ರಿ. ಒಂದು ಉದ್ದ ಕೊಳವೆ, ಅದರೊಳಗೆ ಸಣ್ಣ ಸಣ್ಣ ಗಾಳಿ ಗುಳ್ಳೆ, ಮೇಲೆ ಒಂದು ಬಟ್ಟಲು. ಮೀನಿನ ಹೇಲು, ಉಳಿದ ಆಹಾರ, ಲೋಳೆ ಇವುಗಳಿಂದ ಬಿಟ್ಟುಕೊಂಡ ಪ್ರೋಟೀನು ಮತ್ತು ಜಿಡ್ಡು ಗುಳ್ಳೆಗೆ ಅಂಟಿ ನೊರೆಯಾಗಿ ಏರಿ ಬಟ್ಟಲಿಗೆ ಬೀಳುತ್ತವೆ. ಅವು ಕೊಳೆತು ಅಮೋನಿಯಾ ಎಂಬ ವಿಷವಾಗುವ ಮೊದಲೇ ಹೊರಗೆ ಬರುತ್ತವೆ ಎಂಬುದೇ ಇದರ ದೊಡ್ಡ ಗುಣ. ಜೊತೆಗೆ ನೀರಿಗೆ ಗಾಳಿಯೂ ಬೆರೆಯುತ್ತದೆ.

ಉಪ್ಪುನೀರಿನಲ್ಲಿ ಗುಳ್ಳೆಗಳು ಸಣ್ಣದಾಗಿಯೇ ಉಳಿಯುತ್ತವೆ. ಸಿಹಿನೀರಿನಲ್ಲಿ ಒಂದಕ್ಕೊಂದು ಕೂಡಿ ದಪ್ಪವಾಗಿ, ಬೇಗ ಮೇಲೆ ಬಂದು ಒಡೆಯುತ್ತವೆ. ಹೊಲಸು ಅಂಟಿಕೊಳ್ಳಲು ಪುರಸತ್ತೇ ಇರುವುದಿಲ್ಲ. ಆದ್ದರಿಂದ ಔರಾದದ ಸೋದರಿಗೆ ಉತ್ತರ ಒಂದೇ ಮಾತು: ಗೋಲ್ಡ್ ಫಿಶ್ ತೊಟ್ಟಿಗೆ ಸ್ಕಿಮ್ಮರ್ ಬ್ಯಾಡ. ಸಾಧಾರಣ ಸ್ಪಂಜಿನ ಫಿಲ್ಟರ್ ಹಾಕಿ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ, ಸಾಕು.

60 ಲೀಟರಿಗೆ ಬೇಕೇ?

ಈಗ ಭಾಲ್ಕಿಯ ಮಾತು. ಎರಡೇ ಸಣ್ಣ ಮೀನು ಇರುವ 60 ಲೀಟರಿನ ತೊಟ್ಟಿಗೆ ಸ್ಕಿಮ್ಮರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೀನು ಸಾಯುತ್ತವೆ ಎಂಬ ಮಾತು ಖರೇ ಅಲ್ಲ. ಇಷ್ಟು ಸಣ್ಣ ತೊಟ್ಟಿಗೆ ವಾರವಾರ ನೀರು ಬದಲಿಸುವುದೇ ಸ್ಕಿಮ್ಮರಿನ ಕೆಲಸ ಮಾಡುತ್ತದೆ.

ಲೆಕ್ಕ ನೋಡಿ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಬೇಕು, ಅಂದರೆ 6 ಲೀಟರು, ಒಂದು ಸಣ್ಣ ಬಕೆಟ್ಟು. ಲೀಟರಿಗೆ ಸುಮಾರು 36 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಹಿಡಿದರೆ ವಾರಕ್ಕೆ 216 ಗ್ರಾಂ. ತಿಂಗಳಿಗೆ ಒಂದು ಕಿಲೋದೊಳಗೇ ಮುಗಿಯಿತು. ಇದಕ್ಕೆ ಅಡುಗೆಯ ಉಪ್ಪು ನಡೆಯುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಕೂಡಿಸಿದ ಮಿಶ್ರಣವೇ ಬೇಕು. ಬೋರಿನ ಗಡಸು ನೀರು, ಕ್ಲೋರಿನ್ ಬಿಟ್ಟ ನಲ್ಲಿಯ ನೀರು ಬೇಡ. ಆರ್‌ಓ ನೀರು ಒಳ್ಳೆಯದು. ಹಿಂದಿನ ದಿನವೇ ಉಪ್ಪು ಕಲಸಿ ಇಟ್ಟು, ಅಳೆಯುವ ಸಾಧನದಲ್ಲಿ 1.025 ತೋರಿಸಿದರೆ ಹದ ಸರಿ ಇದೆ ಎಂದು ತಿಳಿಯಿರಿ.

ನೀರು ಈಗಾಗಲೇ ಕೆಟ್ಟಿದ್ದರೆ ಎರಡು ವಾರ, ವಾರಕ್ಕೆ ಎರಡು ಸಲ ಬದಲಿಸಿ. ಹಳದಿ ಬಣ್ಣಕ್ಕೆ ಅಕ್ವೇರಿಯಂಗೆಂದೇ ಮಾರುವ ಇದ್ದಿಲನ್ನು ಸಣ್ಣ ಬಲೆಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆ ಇಡಿ, ಬಣ್ಣ ಎಳೆದುಕೊಳ್ಳುತ್ತದೆ. ಒಲೆಯ ಇದ್ದಿಲು ಹಾಕಬೇಡಿ. ಅಮೋನಿಯಾ ನೋಡುವ ಪರೀಕ್ಷೆಯ ಡಬ್ಬಿ ಒಂದು ತರಿಸಿಕೊಳ್ಳಿ.

ಎಲ್ಲಕ್ಕೂ ಮೊದಲು ಆಹಾರ ಕಡಿಮೆ ಮಾಡಿ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಬೇಕು. ಮನೆಗೆ ಬಂದ ಮಕ್ಕಳು ಚುರುಮುರಿ, ಬಿಸ್ಕೀಟು ಹಾಕದಂತೆ ನೋಡಿಕೊಳ್ಳಿ. ಹೊಲಸು ಬೀಳುವುದೇ ಕಡಿಮೆಯಾದರೆ ತೆಗೆಯುವ ಕೆಲಸವೂ ಕಡಿಮೆ.

ಕೊಳ್ಳುವವರಿಗೆ

ಬೀದರಿನಲ್ಲಿ ನಮ್ಮ ಓಣಿಯ ಒಬ್ಬರ ಮನೆಯಲ್ಲಿ 150 ಲೀಟರಿನ ತೊಟ್ಟಿ, ಆರು ಮೀನು ಇವೆ. ಅಂಥವರಿಗೆ ಸ್ಕಿಮ್ಮರ್ ನಿಜಕ್ಕೂ ಉಪಯೋಗ. ಕೊಳ್ಳುವಾಗ ಇಷ್ಟು ನೋಡಿರಿ.

ಮೊದಲನೆಯದು ಜಾತಿ. ಗಾಳಿ ಪಂಪು, ಕಟ್ಟಿಗೆಯ ಗಾಳಿ ಬಿಲ್ಲೆ ಇರುವುದು ಅಗ್ಗ. ಆದರೆ ಬಿಲ್ಲೆ ಕೆಲವು ವಾರಕ್ಕೆ ಕಟ್ಟಿಕೊಳ್ಳುತ್ತದೆ, ಬದಲಿಸುತ್ತಿರಬೇಕು. ನೀರಿನ ಪಂಪೇ ಗಾಳಿ ಎಳೆದು ಕಡೆಯುವುದು ತುಟ್ಟಿ, ಕೆಲಸ ಚೆನ್ನ. ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಲ್ಲದವರಿಗೆ ಹಿಂಬದಿಗೆ ನೇತುಹಾಕುವುದು ಅನುಕೂಲ. ಗೋಡೆಗೂ ಗಾಜಿಗೂ ನಡುವೆ ಎಷ್ಟು ಜಾಗ ಇದೆ ಎಂದು ಅಳೆದುಕೊಂಡೇ ಅಂಗಡಿಗೆ ಹೋಗಿ.

ಎರಡನೆಯದು ಅಳತೆ. ಡಬ್ಬಿಯ ಮೇಲೆ ‘200 ಲೀಟರಿಗೆ’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಮೀನು ಕಡಿಮೆ ಇರುವ ತೊಟ್ಟಿಯ ಲೆಕ್ಕ. ಮೀನು ಹೆಚ್ಚಿದ್ದರೆ ಸ್ವಲ್ಪ ದೊಡ್ಡದು ಇರಲಿ. ತೀರಾ ದೊಡ್ಡದೂ ಬೇಡ, ಹೊಲಸು ಸಾಲದೆ ನೊರೆಯೇ ಸರಿಯಾಗಿ ನಿಲ್ಲುವುದಿಲ್ಲ.

ಮೂರನೆಯದು ಸದ್ದು ಮತ್ತು ಕರೆಂಟು. ಅಂಗಡಿಯಲ್ಲೇ ಹಚ್ಚಿಸಿ ಕಿವಿಗೊಟ್ಟು ಕೇಳಿ. ಹಾಲಿನಲ್ಲಿ ಅಜ್ಜಿ ಮಲಗುವ ಮನೆಯಾದರೆ ಇದು ಸಣ್ಣ ಮಾತಲ್ಲ. 8 ವ್ಯಾಟಿನ ಯಂತ್ರ ಹಗಲು ರಾತ್ರಿ ನಡೆದರೆ ತಿಂಗಳಿಗೆ 6 ಯೂನಿಟ್ಟಿಗಿಂತ ಕಡಿಮೆ.

ನಾಲ್ಕನೆಯದು ತೊಳೆಯುವುದು. ಬಟ್ಟಲು, ಕುತ್ತಿಗೆ ಸುಲಭವಾಗಿ ಬಿಚ್ಚಬೇಕು. ವಾರಕ್ಕೆ ಎರಡು ಸಲ ಸಾದಾ ನೀರಿನಲ್ಲಿ ಹಳೆಯ ಬ್ರಶ್ಶಿನಿಂದ ಉಜ್ಜಿ. ಸಾಬೂನು ಮುಟ್ಟಿಸಬೇಡಿ. ಗಾಳಿಯ ನಳಿಗೆಯಲ್ಲಿ ಉಪ್ಪು ಕಟ್ಟಿದರೆ ಬಿಸಿನೀರು ಹಾಕಿ.

ಹೊಸ ಯಂತ್ರ ಒಂದೆರಡು ವಾರ ಹೇಳಿದ ಮಾತು ಕೇಳುವುದಿಲ್ಲ. ಒಮ್ಮೆ ನೊರೆಯೇ ಇಲ್ಲ, ಒಮ್ಮೆ ಉಕ್ಕಿ ನೆಲಕ್ಕೆ. ಹೋದ ಕರೆಂಟು ಬಂದಾಗಲೂ ಉಕ್ಕುವುದುಂಟು, ಕೆಳಗೆ ಒಂದು ಬುಟ್ಟಿ ಇರಲಿ. ಎಣ್ಣೆ ಕೈ ಅದ್ದಿದರೆ ನೊರೆ ಕುಸಿಯುತ್ತದೆ.

ಯಂತ್ರ ಮಾಡದ ಕೆಲಸಗಳು

ಕೊಳೆತು ನೀರಿನಲ್ಲಿ ಕರಗಿಹೋದ ಅಮೋನಿಯಾ, ನೈಟ್ರೇಟನ್ನು ಸ್ಕಿಮ್ಮರ್ ತೆಗೆಯದು. ಆದ್ದರಿಂದ ಯಂತ್ರ ಇದ್ದವರೂ ನೀರು ಬದಲಿಸುವುದನ್ನು ಬಿಡುವಂತಿಲ್ಲ. ಈ ಮೀನಿಗೆ 24ರಿಂದ 27 ಡಿಗ್ರಿ ಬೇಕು. ನಮ್ಮ ಬೇಸಿಗೆ 40 ದಾಟುತ್ತದೆ. ನೀರಿನ ಮೇಲೆ ಗಾಳಿ ಆಡುವಂತೆ ಸಣ್ಣ ಫ್ಯಾನು ಇಡಿ. ಆಗ ನೀರು ಬೇಗ ಆರುತ್ತದೆ, ಉಪ್ಪು ಮಾತ್ರ ಒಳಗೇ ಉಳಿಯುತ್ತದೆ. ಅದಕ್ಕಾಗಿ ದಿನಾ ಆರಿದಷ್ಟು ಸಾದಾ ಆರ್‌ಓ ನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ. ನೀರಿನ ಮಟ್ಟ ಇಳಿದರೆ ಸ್ಕಿಮ್ಮರೂ ಸರಿಯಾಗಿ ನಡೆಯುವುದಿಲ್ಲ. ಕರೆಂಟು ಹೋಗುವ ಊರಿನವರು ಮೊದಲು ಬ್ಯಾಟರಿಯ ಗಾಳಿ ಪಂಪು ಕೊಳ್ಳಿ, ಸ್ಕಿಮ್ಮರ್ ಆಮೇಲೆ.

ಇನ್ನೊಂದು ಎಚ್ಚರಿಕೆ. ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ. ಸೊಳ್ಳೆ, ಜಿರಳೆಯ ಔಷಧಿ ಹೊಡೆದರೆ ಅದು ಮೀನಿಗೆ ಕಡು ವಿಷ. ಒಗ್ಗರಣೆಯ ಹೊಗೆ ತಾಗುವ ಕಡೆಯೂ ತೊಟ್ಟಿ ಬೇಡ.

ಹವಳದ ಮಾತು

ಭಾಲ್ಕಿಯ ಪತ್ರದ ಕೊನೆಯಲ್ಲಿ ಒಂದು ಸಾಲಿದೆ: “ಮುಂದ ಜೀವಂತ ಹವಳ ತಂದುಕೊಡ್ತೀವಿ ಅಂದಾರ.” ಸೋದರಿ, ಇದಕ್ಕೆ ಮಾತ್ರ ಖಂಡಿತ ಒಪ್ಪಬೇಡಿ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳ, ಸಮುದ್ರ ಬೀಸಣಿಗೆ, ಕಡಲ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, 2001ರಲ್ಲಿ ಸೇರಿಸಿದರು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಹಿಡಿಯುವುದು, ಮಾರುವುದು ಅಪರಾಧ. ತಂದುಕೊಡುವವರು ತಂದುಕೊಟ್ಟು ಹೋಗುತ್ತಾರೆ, ತೊಟ್ಟಿ ಇರುವುದು ನಿಮ್ಮ ಮನೆಯಲ್ಲಿ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅದು ಅಲ್ಲೇ ಇರಲಿ. ತೊಟ್ಟಿಗೆ ಮನುಷ್ಯರು ಮಾಡಿದ ಕಲ್ಲು ಸಾಕು.

ಕ್ಲೌನ್ ಮೀನಿಗೆ ಈ ಭಯವಿಲ್ಲ. ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಕೊಳ್ಳುವಾಗ ಸಮುದ್ರದಿಂದ ಹಿಡಿದದ್ದೋ, ಮರಿ ಮಾಡಿಸಿದ್ದೋ ಎಂದು ಕೇಳಿಯೇ ಕೊಳ್ಳಿ. ಓದುವ ಮಕ್ಕಳಿಗೆ ಈ ವಿದ್ಯೆಯ ಮೇಲೆ ಆಸೆ ಇದ್ದರೆ ದಾರಿಯೂ ಇದೆ: ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾಯಿತು. ಅದು ಈಗ ಸೇರಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ನಮ್ಮ ಬೀದರಿನ ನಂದಿನಗರದಲ್ಲೇ ಇದೆ.

ಹಾಗಾದರೆ ಭಾಲ್ಕಿಯ ಸೋದರಿ, ಭಿಶಿಯ ಹಣ ಮಗಳ ಫೀಸಿಗೇ ಹೋಗಲಿ. ಉಪ್ಪು, ಇದ್ದಿಲು, ಪರೀಕ್ಷೆಯ ಡಬ್ಬಿ ಇಷ್ಟಕ್ಕೆ ಮಗನೇ ತನ್ನ ಖರ್ಚಿನ ಹಣದಲ್ಲಿ ಉಳಿಸಿ ಕಳಿಸಲಿ. ಮೀನು ತಂದವನು ಅವನಲ್ಲವೇ? ಬಕೆಟ್ಟು ಎತ್ತುವ ಕೆಲಸ ನಿಮ್ಮದು, ಖರ್ಚು ಅವನದು ಎಂದು ಫೋನಿನಲ್ಲಿ ನಗುನಗುತ್ತಲೇ ಹೇಳಿ. ತಿಂಗಳ ನಂತರ ನೀರು ಹೇಗಿದೆ ಎಂದು ನನಗೂ ಒಂದು ಕಾಗದ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಬೂಷ್ಟಿನ ವಿಚಾರ. ಭರಣಿಯನ್ನು ಅಷ್ಟರೊಳಗೆ ಚೆಲ್ಲಿಬಿಡಬೇಡಿ, ಬೂಷ್ಟು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿ ಬರೆಯಿರಿ.