ಬೆಲೆ ಇಳಿದಿದೆ, ಚೌಕಾಸಿ ಬದಲಾಗಿಲ್ಲ: ಪಿಕಪ್ ಕೊಳ್ಳುವವರ ಮುಂದಿರುವ ಲೆಕ್ಕ

ದನದ ಜಾತ್ರೆಗಳಲ್ಲಿ ಎತ್ತಿನ ವ್ಯಾಪಾರ ನಡೆಯುವ ಬಗೆಯೇ ಬೇರೆ. ಕೊಳ್ಳುವವನು ಮೊದಲು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ. ಅನಂತರ ಮಾರುವವನೂ ದಲ್ಲಾಳಿಯೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಮೊತ್ತ ತಿಳಿಯುವುದಿಲ್ಲವಾದರೂ ಎತ್ತಿನ ವಯಸ್ಸು ಮಾತ್ರ ಯಾರಿಂದಲೂ ಮುಚ್ಚಿಡಲಾಗದ ಸತ್ಯ. ಇಂದು ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಬಹುಮಟ್ಟಿಗೆ ಪಿಕಪ್ ವಾಹನಗಳು ಆಕ್ರಮಿಸಿಕೊಂಡಿವೆ. ಕೋಲಾರದ ಟೊಮೆಟೊ, ಬ್ಯಾಡಗಿಯ ಮೆಣಸಿನಕಾಯಿ, ರಾಮನಗರದ ರೇಷ್ಮೆಗೂಡು ಎಲ್ಲವೂ ಮಾರುಕಟ್ಟೆ ತಲುಪುವುದು ಇವುಗಳ ಬೆನ್ನ ಮೇಲೆಯೇ. ಆದರೆ ವ್ಯಾಪಾರದ ರೀತಿ ತಲೆಕೆಳಗಾಗಿದೆ. ಬೆಲೆ ಬಹಿರಂಗವಾಗಿ ಗೋಡೆಯ ಮೇಲೆ ತೂಗುತ್ತದೆ, ಮುಚ್ಚಿಡಲಾಗುತ್ತಿರುವುದು ಉಳಿದೆಲ್ಲವೂ.

ಈ ಮಾತಿಗೆ ಈಗ ವಿಶೇಷ ಮಹತ್ವ ಬರಲು ಕಾರಣವಿದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಆ ಸಂದರ್ಭದಲ್ಲಿ ವಾಹನ ತಯಾರಕರು ದರ ಕಡಿತವನ್ನು ಪ್ರಕಟಿಸಿದರು. ಟಾಟಾ ಮೋಟಾರ್ಸ್ ಸಂಸ್ಥೆಯು ಸಣ್ಣ ಸರಕು ವಾಹನ ಹಾಗೂ ಪಿಕಪ್‌ಗಳ ಬೆಲೆ ಮಾದರಿಗೆ ತಕ್ಕಂತೆ 30,000 ರೂ.ಗಳಿಂದ 1.10 ಲಕ್ಷ ರೂ.ಗಳವರೆಗೆ ಇಳಿಯಲಿದೆ ಎಂದು ಘೋಷಿಸಿತ್ತು. ಹೊಸ ವಾಹನದ ಬೆಲೆ ಒಂದೇ ದಿನ ಇಷ್ಟು ಕುಸಿದಾಗ ಹಳೆಯ ವಾಹನದ ಬೆಲೆಯ ಅಳತೆಗೋಲೂ ಬದಲಾಗಲೇಬೇಕು. ಆದರೆ ಹಳೆಯ ಅಳತೆಗೋಲನ್ನೇ ಹಿಡಿದು ವ್ಯಾಪಾರಕ್ಕೆ ಕೂರುವ ರೈತ ಅಥವಾ ಬಾಡಿಗೆ ಚಾಲಕನಿಗೆ ಆ ಇಳಿಕೆ ದಕ್ಕುವುದಿಲ್ಲ. ಅದು ನಡುವೆಯೇ ಯಾರದೋ ಜೇಬು ಸೇರುತ್ತದೆ.

ಇಳಿಕೆ ಶೇ. 10 ಅಲ್ಲ, ಶೇ. 7.8

ತೆರಿಗೆ ಶೇ. 10ರಷ್ಟು ಇಳಿದಿದೆ ಎಂದ ಮಾತ್ರಕ್ಕೆ ವಾಹನದ ಬೆಲೆಯೂ ಶೇ. 10ರಷ್ಟು ಇಳಿಯಬೇಕೆಂಬ ತಪ್ಪು ಕಲ್ಪನೆ ಕೊಳ್ಳುವವರಲ್ಲಿದೆ. ತೆರಿಗೆಯನ್ನು ಲೆಕ್ಕ ಹಾಕುವುದು ಮೂಲ ಬೆಲೆಯ ಮೇಲೆ. ಉದಾಹರಣೆಗೆ, 7 ಲಕ್ಷ ರೂ. ಮೂಲ ಬೆಲೆಯ ಪಿಕಪ್ ಒಂದು ಶೇ. 28ರ ತೆರಿಗೆ ಸೇರಿ 8,96,000 ರೂ. ಆಗುತ್ತಿತ್ತು. ಶೇ. 18ರ ತೆರಿಗೆಯಲ್ಲಿ ಅದು 8,26,000 ರೂ. ಆಗುತ್ತದೆ. ಇಳಿಕೆ 70,000 ರೂ.; ಅಂದರೆ ಹಳೆಯ ಬೆಲೆಯ ಶೇ. 7.8ರಷ್ಟು. ಶೇ. 10 ಕೇಳುವವನು ವ್ಯರ್ಥವಾಗಿ ಜಗಳಕ್ಕೆ ನಿಲ್ಲುತ್ತಾನೆ, ಶೇ. 4-5ಕ್ಕೆ ತೃಪ್ತನಾಗುವವನು ತನಗೆ ಸಲ್ಲಬೇಕಾದುದನ್ನು ಬಿಟ್ಟುಕೊಡುತ್ತಾನೆ. ಕಂಪನಿಗಳು ಕಾಲಕಾಲಕ್ಕೆ ಮೂಲ ಬೆಲೆಯನ್ನು ಏರಿಸುವುದುಂಟು. ಆದ್ದರಿಂದ ಇಂದಿನ ದರಪಟ್ಟಿಯಲ್ಲಿ ಮೂಲ ಬೆಲೆ ಎಷ್ಟು, ತೆರಿಗೆ ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಮೊದಲ ಹೆಜ್ಜೆ.

ತೆರಿಗೆ ಇಳಿಕೆಯ ಲಾಭ ಎಲ್ಲರಿಗೂ ಸಮನಾಗಿಲ್ಲ ಎಂಬುದೂ ಗಮನಾರ್ಹ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ತನ್ನ ತೆರಿಗೆಯುಕ್ತ ವ್ಯವಹಾರಕ್ಕೆಂದು ಸರಕು ವಾಹನ ಕೊಂಡರೆ, ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಹಿಂಪಡೆಯುವ ಅವಕಾಶ ಮೊದಲೂ ಇತ್ತು, ಈಗಲೂ ಇದೆ. ಅಂಥವನಿಗೆ ಈ ಇಳಿಕೆಯಿಂದ ನಿಜವಾದ ವೆಚ್ಚದಲ್ಲಿ ದೊಡ್ಡ ವ್ಯತ್ಯಾಸವಾಗದು. ತರಕಾರಿ ಬೆಳೆಗಾರನಿಗೆ, ನೋಂದಣಿಯಿಲ್ಲದ ಬಾಡಿಗೆ ವಾಹನದ ಮಾಲೀಕನಿಗೆ ಆ ಸೌಲಭ್ಯವಿಲ್ಲ. ಆತ ಕಟ್ಟಿದ ತೆರಿಗೆ ಕಟ್ಟಿದಂತೆಯೇ. ಹಾಗಾಗಿ 70,000 ರೂ.ಗಳ ಇಳಿಕೆ ಪೂರ್ಣವಾಗಿ ಸಲ್ಲಬೇಕಾದುದು ಚೌಕಾಸಿಯಲ್ಲಿ ಅತ್ಯಂತ ದುರ್ಬಲನಾಗಿರುವ ಈ ಸಣ್ಣ ಗ್ರಾಹಕನಿಗೇ.

ಆತನ ನೆರವಿಗೆ ಬರುತ್ತಿದ್ದ ಒಂದು ವ್ಯವಸ್ಥೆಯೂ ಈಗಿಲ್ಲ. ತೆರಿಗೆ ಇಳಿಕೆಯ ಲಾಭವನ್ನು ಗ್ರಾಹಕನಿಗೆ ವರ್ಗಾಯಿಸದ ಮಾರಾಟಗಾರರ ವಿರುದ್ಧ ಜಿಎಸ್‌ಟಿ ಕಾನೂನಿನಡಿ ಲಾಭಕೋರತನ ತಡೆಯ ದೂರು ಸಲ್ಲಿಸಬಹುದಾಗಿತ್ತು. 2025ರ ಏಪ್ರಿಲ್ 1ರಿಂದ ಅಂಥ ಹೊಸ ದೂರುಗಳ ಸ್ವೀಕಾರ ನಿಂತಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಆದರೆ ಮೊದಲ ರಕ್ಷಣೆ ಖರೀದಿದಾರನ ಕೈಯಲ್ಲಿರುವ ಲೆಕ್ಕವೇ ಆಗಿದೆ.

ಕಂತಿನ ಮರೆಯಲ್ಲಿ ಕರಗುವ ರಿಯಾಯಿತಿ

ಷೋರೂಮಿನಲ್ಲಿ ಗ್ರಾಹಕನಿಗೆ ಎದುರಾಗುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ?" ಎಂಬುದು. ಅದಕ್ಕೆ ಉತ್ತರ ಕೊಟ್ಟ ಕ್ಷಣವೇ ಚೌಕಾಸಿಯ ಅರ್ಧ ಭಾಗ ಮುಗಿದಂತೆ. ಏಕೆಂದರೆ ಕಂತಿನ ಮೊತ್ತವನ್ನು ಹಾಗೆಯೇ ಇಟ್ಟು ಅವಧಿಯನ್ನು ಹಿಗ್ಗಿಸಿದರೆ ಯಾವ ಬೆಲೆಯನ್ನಾದರೂ ಅದರೊಳಗೆ ತುರುಕಬಹುದು.

ಬಡ್ಡಿಯ ಲೆಕ್ಕದಲ್ಲಿಯೂ ಇಂಥದೇ ಮರೆಯಿದೆ. 6 ಲಕ್ಷ ರೂ. ಸಾಲಕ್ಕೆ ಶೇ. 8ರ 'ಫ್ಲಾಟ್' ಬಡ್ಡಿ ಎಂದರೆ ಅಗ್ಗವೆನಿಸುತ್ತದೆ. 4 ವರ್ಷಕ್ಕೆ ಬಡ್ಡಿ 1,92,000 ರೂ., ಒಟ್ಟು 7,92,000 ರೂ., ತಿಂಗಳ ಕಂತು 16,500 ರೂ. ಆದರೆ ಅಸಲು ತಿಂಗಳು ತಿಂಗಳು ತೀರುತ್ತಿದ್ದರೂ ಬಡ್ಡಿಯನ್ನು ಪೂರ್ತಿ 6 ಲಕ್ಷದ ಮೇಲೆಯೇ ಹಾಕಲಾಗಿರುತ್ತದೆ. ಉಳಿದಿರುವ ಅಸಲಿನ ಮೇಲೆ ಎಣಿಸಿದರೆ ಇದರ ನಿಜವಾದ ಬಡ್ಡಿ ವರ್ಷಕ್ಕೆ ಶೇ. 14ನ್ನು ಮೀರುತ್ತದೆ. ಇಳಿಯುವ ಅಸಲಿನ ಮೇಲೆ ಶೇ. 11 ಬಡ್ಡಿ ಎಂದು ಹೇಳುವ ಬ್ಯಾಂಕ್ ಮೇಲ್ನೋಟಕ್ಕೆ ದುಬಾರಿಯಾಗಿ ಕಂಡರೂ ಅಲ್ಲಿ ಅದೇ ಸಾಲದ ಕಂತು ಸುಮಾರು 15,500 ರೂ. ಮಾತ್ರ. 48 ತಿಂಗಳಲ್ಲಿ ವ್ಯತ್ಯಾಸ 47,000 ರೂ. ದಾಟುತ್ತದೆ. ಗಂಟೆಗಟ್ಟಲೆ ವಾದಿಸಿ ಗಳಿಸಿದ 10,000 ರೂ. ರಿಯಾಯಿತಿಯನ್ನು ಇದು ನಾಲ್ಕು ಬಾರಿ ನುಂಗಿ ಹಾಕಬಲ್ಲದು.

2024ರ ಅಕ್ಟೋಬರ್ 1ರಿಂದ ಭಾರತೀಯ ರಿಸರ್ವ್ ಬ್ಯಾಂಕ್ ಜಾರಿಗೊಳಿಸಿರುವ ನಿಯಮದಂತೆ, ಬ್ಯಾಂಕ್ ಹಾಗೂ ಹಣಕಾಸು ಸಂಸ್ಥೆಗಳು ಇಂಥ ಸಾಲಗಳಿಗೆ ಮುಖ್ಯಾಂಶಗಳ ಪತ್ರವನ್ನು ಕೊಡಬೇಕು. ಸಂಸ್ಕರಣಾ ಶುಲ್ಕ ಮುಂತಾದ ಎಲ್ಲ ವೆಚ್ಚ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ನಮೂದಿಸಬೇಕು. ಸಹಿ ಹಾಕುವ ಮುನ್ನ ಆ ಒಂದು ಅಂಕಿಯನ್ನು ಎರಡು ಮೂರು ಕಡೆ ಹೋಲಿಸಿದರೆ 'ಫ್ಲಾಟ್' ಬಡ್ಡಿಯ ಮಾಯೆ ತಾನಾಗಿ ಕಳಚುತ್ತದೆ. ವಾಹನದ ಬೆಲೆಯನ್ನು ಮೊದಲು ಇತ್ಯರ್ಥಪಡಿಸಿ, ಸಾಲದ ಮಾತನ್ನು ಅನಂತರ ಎತ್ತುವುದು ಜಾಣತನ.

ವಿಮೆಯದೂ ಇದೇ ಕಥೆ. ಒಟ್ಟು 7,500 ಕೆ.ಜಿ. ತೂಕದೊಳಗಿನ ಸರಕು ವಾಹನಕ್ಕೆ ಮೂರನೇ ವ್ಯಕ್ತಿ ವಿಮೆಯ ವಾರ್ಷಿಕ ಕಂತನ್ನು 2022ರ ಜೂನ್‌ನಲ್ಲಿ 16,049 ರೂ. ಎಂದು ನಿಗದಿಪಡಿಸಲಾಗಿತ್ತು. ಅಧಿಸೂಚಿತವಾದ ಈ ಭಾಗದಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಆದರೆ ವಾಹನದ ಸ್ವಂತ ಹಾನಿಗೆ ಕಟ್ಟುವ ಭಾಗ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ತಾನು ಸೂಚಿಸಿದ ವಿಮೆಯನ್ನೇ ಕೊಳ್ಳಬೇಕೆಂದು ಮಾರಾಟಗಾರ ಒತ್ತಾಯಿಸುವಂತಿಲ್ಲ. ಹೊರಗಿನಿಂದ ಒಂದು ದರ ತಂದು ಮೇಜಿನ ಮೇಲಿಟ್ಟರೆ ಒಳಗಿನ ದರ ಇಳಿಯುವುದುಂಟು. 'ನಿರ್ವಹಣಾ ಶುಲ್ಕ', 'ಬಿಡಿಭಾಗಗಳ ಪ್ಯಾಕ್' ಎಂಬ ಸಾಲುಗಳು ಬಿಲ್ಲಿನಲ್ಲಿ ಕಂಡರೆ ಅವು ಯಾವ ಸೇವೆಗೆ, ಕಡ್ಡಾಯವೇ ಎಂದು ಲಿಖಿತವಾಗಿ ಕೇಳಬೇಕು.

ವರ್ಷದ ಕೊನೆಯಲ್ಲಿ ದೊರೆಯುವ ರಿಯಾಯಿತಿಗೂ ಒಂದು ಬೆಲೆಯಿದೆ. ಡಿಸೆಂಬರ್‌ನಲ್ಲಿ ತಯಾರಾದ ವಾಹನ ಜನವರಿಯಲ್ಲಿ ಒಂದು ವರ್ಷ ಹಳೆಯದೆಂದು ಎಣಿಕೆಯಾಗುತ್ತದೆ. ಮುಂದೆ ಮಾರುವಾಗ ಎದುರಿನವನು ನೋಡುವುದು ಆರ್.ಸಿ.ಯಲ್ಲಿರುವ ತಯಾರಿಕೆಯ ತಿಂಗಳು ಹಾಗೂ ವರ್ಷವನ್ನು. 8-10 ವರ್ಷ ಇಟ್ಟುಕೊಳ್ಳುವವನಿಗೆ ಈ ರಿಯಾಯಿತಿ ಲಾಭ. ಮೂರೇ ವರ್ಷಕ್ಕೆ ಮಾರುವವನಿಗೆ ಅಷ್ಟೇನೂ ಅಲ್ಲ.

ಹಳೆಯ ವಾಹನಕ್ಕೆ ಹೊಸ ಅಳತೆಗೋಲು

ಬಳಸಿದ ಪಿಕಪ್‌ಗಳ ಮಾರುಕಟ್ಟೆಯಲ್ಲಿ "ನಾನು ಇಷ್ಟಕ್ಕೆ ಕೊಂಡಿದ್ದೆ" ಎಂಬುದೇ ಮಾರುವವನ ಮುಖ್ಯ ವಾದ. ಆದರೆ ಇಂದಿನ ಬೆಲೆಯನ್ನು ನಿರ್ಧರಿಸಬೇಕಾದುದು ಅಂದು ಆತ ಕೊಟ್ಟ ಹಣವಲ್ಲ, ಅದೇ ಮಾದರಿಯ ಹೊಸ ವಾಹನಕ್ಕೆ ಇಂದು ಇರುವ ಬೆಲೆ. ವಿಮಾ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಸವಕಳಿ ಪಟ್ಟಿ ಇದಕ್ಕೊಂದು ಆರಂಭ ಬಿಂದುವನ್ನು ಒದಗಿಸುತ್ತದೆ. ಅದರಂತೆ 1ರಿಂದ 2 ವರ್ಷದ ವಾಹನಕ್ಕೆ ಶೇ. 20, 2ರಿಂದ 3 ವರ್ಷಕ್ಕೆ ಶೇ. 30, 3ರಿಂದ 4 ವರ್ಷಕ್ಕೆ ಶೇ. 40, 4ರಿಂದ 5 ವರ್ಷಕ್ಕೆ ಶೇ. 50ರಷ್ಟು ಸವಕಳಿ.

ಮೇಲಿನ ಉದಾಹರಣೆಯ ಪಿಕಪ್ ಮೂರನೇ ವರ್ಷದಲ್ಲಿದೆ ಎಂದಿಟ್ಟುಕೊಳ್ಳೋಣ. ಹಳೆಯ ಬೆಲೆಯ ಮೇಲೆ ಎಣಿಸಿದರೆ 6,27,200 ರೂ.; ಇಂದಿನ ಬೆಲೆಯ ಮೇಲೆ 5,78,200 ರೂ. ಒಂದೇ ವಾಹನ, ಎರಡು ಅಳತೆಗೋಲು, 49,000 ರೂ. ಅಂತರ. ಈ ಪಟ್ಟಿಯೇ ಮಾರುಕಟ್ಟೆ ಬೆಲೆ ಎಂದಲ್ಲ. ಬೇಡಿಕೆಯಿರುವ ಮಾದರಿ ಇದಕ್ಕಿಂತ ಮೇಲೆ ಹೋಗಬಹುದು. ಭಾರ ಹೊತ್ತು ಸವೆದದ್ದು ಕೆಳಗಿಳಿಯಬೇಕು. ಆದರೆ ಮಾತು ಆರಂಭವಾಗಬೇಕಾದುದು ಎರಡನೆಯ ಅಂಕಿಯಿಂದ.

ಅಲ್ಲಿಂದ ಕಳೆಯಬೇಕಾದವು ಹಲವು. ಎತ್ತಿನ ಹಲ್ಲು ಸುಳ್ಳು ಹೇಳುವುದಿಲ್ಲ. ಕಿಲೋಮೀಟರ್ ಮೀಟರ್ ಹೇಳಬಲ್ಲದು. ಮೀಟರಿನ ಅಂಕಿಯನ್ನು ಸರ್ವಿಸ್ ದಾಖಲೆಯೊಂದಿಗೆ, ಪೆಡಲ್ ಮತ್ತು ಸ್ಟೀರಿಂಗಿನ ಸವೆತದೊಂದಿಗೆ ತಾಳೆ ನೋಡಬೇಕು. ಮಿತಿಮೀರಿ ಭಾರ ಹೊತ್ತ ವಾಹನದ ಗುರುತು ಹಿಂಬದಿಯ ಸ್ಪ್ರಿಂಗ್ ಪಟ್ಟಿಗಳಲ್ಲಿ ಹಾಗೂ ಚಾಸಿಯ ಬೆಸುಗೆಯಲ್ಲಿ ಸಿಗುತ್ತದೆ. ಕಂಪನಿ ಕೊಡದ ಹೆಚ್ಚುವರಿ ಪಟ್ಟಿ ಹಾಕಿಸಿದ್ದರೆ ಅದು ಬಲದ ಲಕ್ಷಣವಲ್ಲ, ದುಡಿಮೆಯ ಇತಿಹಾಸ. ಇಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡುವುದು ಉತ್ತಮ. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಹೊಗೆ ಶುದ್ಧೀಕರಿಸುವ ಭಾಗಗಳ ದುರಸ್ತಿ ದುಬಾರಿಯಾದ್ದರಿಂದ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನು ಕಡೆಗಣಿಸುವಂತಿಲ್ಲ. ನಂಬಿಕಸ್ತ ಮೆಕ್ಯಾನಿಕ್ ಒಬ್ಬನಿಗೆ ಕೊಡುವ ಕೂಲಿ ಇಡೀ ವ್ಯವಹಾರದ ಅತ್ಯಂತ ಅಗ್ಗದ ವೆಚ್ಚ.

ಎಫ್‌.ಸಿ.ಯ ಅವಧಿಯೂ ಹಣವೇ. ಸಾರಿಗೆ ವಾಹನಗಳಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪರೀಕ್ಷೆ ಕಡ್ಡಾಯ. ಮುಂದಿನ ತಿಂಗಳು ಎಫ್‌.ಸಿ. ಮತ್ತು ವಿಮೆ ಎರಡೂ ಮುಗಿಯುವ ವಾಹನಕ್ಕೆ ಟೈರು, ಬಣ್ಣ, ಶುಲ್ಕ, ವಿಮಾ ಕಂತು ಎಲ್ಲವನ್ನೂ ಕೊಳ್ಳುವವನೇ ಭರಿಸಬೇಕಾಗುತ್ತದೆ. ಅದನ್ನು ಒಂದೊಂದಾಗಿ ಬರೆದು ಬೆಲೆಯಿಂದ ಕಳೆದು ತೋರಿಸಿದರೆ ಅದು ಚೌಕಾಸಿ ಎನಿಸುವುದಿಲ್ಲ, ಲೆಕ್ಕವೆನಿಸುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇಲ್ಲಿ ಲೆಕ್ಕ ಬಲ್ಲವನಿಗೂ ಸಲ್ಲುತ್ತದೆ.

ಕಾಗದಕ್ಕೂ ಬೆಲೆಯಿದೆ

ಅತಿ ಅಗ್ಗವಾಗಿ ಸಿಗುವ ವಾಹನ ಅನೇಕ ವೇಳೆ ಕಾಗದಪತ್ರದಲ್ಲಿ ದುಬಾರಿಯಾಗುತ್ತದೆ. ಆರ್.ಸಿ.ಯಲ್ಲಿ ಸಾಲದ ನಮೂದಿದ್ದರೆ ಹಣಕಾಸು ಸಂಸ್ಥೆಯ ಸಾಲಮುಕ್ತಿ ಪತ್ರ ಹಾಗೂ ಫಾರಂ 35 ಇಲ್ಲದೆ ಅದು ಅಳಿಯುವುದಿಲ್ಲ. ಸಾಲ, ವಿಮೆ, ಎಫ್‌.ಸಿ. ಹಾಗೂ ಬಾಕಿ ದಂಡದ ವಿವರಗಳನ್ನು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಪರಿಶೀಲಿಸಬಹುದು. ಮುಂಗಡ ಕೊಡುವ ಮುನ್ನವೇ ಇದು ಮುಗಿಯಬೇಕು.

ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ ದಲ್ಲಾಳಿಯ ಕೈಗಿಡುವ ರೂಢಿ ಮಾರುವವನಿಗೂ ಅಪಾಯಕಾರಿ. ವಾಹನ ಮೂರ್ನಾಲ್ಕು ಕೈ ಬದಲಾದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಕಾನೂನಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರುವವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಆರ್.ಟಿ.ಒ.ಗೆ ತಿಳಿಸಬೇಕು. 2023ರ ಏಪ್ರಿಲ್‌ನಿಂದ ಬಳಸಿದ ವಾಹನಗಳ ಅಧಿಕೃತ ಮಾರಾಟಗಾರರಿಗೆ ಪ್ರತ್ಯೇಕ ನಿಯಮ ಜಾರಿಯಲ್ಲಿದ್ದು, ವಾಹನವನ್ನು ಅವರ ವಶಕ್ಕೆ ಕೊಟ್ಟ ಮಾಹಿತಿಯನ್ನು ಆರ್.ಟಿ.ಒ.ಗೆ ಸಲ್ಲಿಸುವ ವ್ಯವಸ್ಥೆಯಿದೆ. ಹೆಸರು ವರ್ಗಾವಣೆ ಪೂರ್ಣವಾಗುವವರೆಗೆ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ನ್ಯಾಯಸಮ್ಮತ.

ನ್ಯಾಯವಾದ ಬೆಲೆ ಯಾವುದು?

ಈ ಇಡೀ ವಿಚಾರಕ್ಕೆ ಇನ್ನೊಂದು ಮುಖವೂ ಇದೆ. 2025ರ ಆಗಸ್ಟ್‌ನಲ್ಲಿ ಹಳೆಯ ತೆರಿಗೆ ಕಟ್ಟಿ ಸಾಲ ಮಾಡಿ ವಾಹನ ಕೊಂಡವನ ಆಸ್ತಿಯ ಮೌಲ್ಯ ಒಂದೇ ತಿಂಗಳಲ್ಲಿ ಕುಸಿಯಿತು; ಸಾಲ ಮಾತ್ರ ಕುಸಿಯಲಿಲ್ಲ. ಬಾಡಿಗೆ ಸಿಗದೆ ಆತ ವಾಹನ ಮಾರಲು ಬಂದರೆ, ಮಾರಿದ ಹಣ ಸಾಲಕ್ಕೇ ಸಾಲದೆ ಹೋಗಬಹುದು. ಆತ ಹಳೆಯ ಬೆಲೆಗೆ ಅಂಟಿಕೊಳ್ಳುವುದು ದುರಾಸೆಯಿಂದಲೇ ಎನ್ನಲಾಗದು. ಆದರೆ ಅವನ ನಷ್ಟವನ್ನು ಮುಂದಿನ ಸಣ್ಣ ಮನುಷ್ಯನ ತಲೆಗೆ ಕಟ್ಟುವುದೂ ಪರಿಹಾರವಲ್ಲ.

ಕೊನೆಗೆ ಬೆಲೆ ನ್ಯಾಯವೋ ಅನ್ಯಾಯವೋ ಎಂಬುದನ್ನು ನಿರ್ಧರಿಸುವುದು ವಾಹನದ ದುಡಿಮೆ. 16,500 ರೂ. ಕಂತನ್ನು ತಿಂಗಳ 25 ಬಾಡಿಗೆ ದಿನಗಳಿಗೆ ಹಂಚಿದರೆ ದಿನಕ್ಕೆ 660 ರೂ.; ಡೀಸೆಲ್, ಟೈರು, ವಿಮೆ, ಚಾಲಕನ ಊಟ ಅದರ ಮೇಲೆ. ಟೊಮೆಟೊ ದರ ನೆಲ ಕಚ್ಚಿದ ವಾರದಲ್ಲಿಯೂ ಆ ದಿನಗೂಲಿಯನ್ನು ವಾಹನ ತನ್ನ ಸಾಲಕ್ಕೆ ದುಡಿದು ಕೊಡಬಲ್ಲದೇ ಎಂಬ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ, ಎಷ್ಟೇ ರಿಯಾಯಿತಿ ದೊರೆತರೂ ಆ ಬೆಲೆ ದುಬಾರಿಯೇ. ಜಾತ್ರೆಯಲ್ಲಿ ಎತ್ತು ಕೊಂಡ ಹಿರಿಯರು ಹಲ್ಲು ಎಣಿಸಿದ ಮೇಲೆ ಅದನ್ನು ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಪಿಕಪ್ ಕೊಳ್ಳುವವನು ಕಾಗದದ ಮೇಲೆ ಆ ನಾಲ್ಕು ಹೆಜ್ಜೆಯನ್ನು ನಡೆಸಿ ನೋಡಿದ ಮೇಲಷ್ಟೇ ಕೈ ಕುಲುಕಬೇಕು.