ಕ್ಯೂಬಾದ ಪಟ್ಟಣಗಳಲ್ಲಿ ಮನೆಯ ಅತಿಥಿಯಾಗಿ

ಬೆನ್ನಿಗೊಂದು ಚೀಲ ಏರಿಸಿ, ಕೈಯಲ್ಲೊಂದು ನಕಾಶೆ ಹಿಡಿದು ದೇಶ ಸುತ್ತುವ ಹವ್ಯಾಸ ನಮ್ಮ ಸಮುದಾಯದ ಯುವಜನರಲ್ಲಿಯೂ ಬೇರೂರಿದೆ. ಗಲ್ಫ್ ರಾಷ್ಟ್ರಗಳಲ್ಲಿ, ಕೆನಡಾದಲ್ಲಿ ದುಡಿಯುತ್ತಿರುವ ಮಕ್ಕಳು ರಜೆ ಸಿಕ್ಕೊಡನೆ ಊರಿಗೆ ಬರುವ ಬದಲು ಯಾವುದೋ ಅಪರಿಚಿತ ದ್ವೀಪಕ್ಕೆ ಹೊರಟು ನಿಲ್ಲುವುದನ್ನು ಕಂಡು ಹಿರಿಯರು ಮುಖ ಸಿಂಡರಿಸುವುದುಂಟು. ಹಣ ಪೋಲು, ಕಾಲಹರಣ ಎಂಬುದು ಅವರ ದೂರು. ಈ ದೂರನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಹೋಗುವುದು ತಪ್ಪಲ್ಲ, ಹೋದಲ್ಲಿ ಏನನ್ನು ಕಾಣುತ್ತೇವೆ, ಯಾರ ಮನೆಯಲ್ಲಿ ಉಣ್ಣುತ್ತೇವೆ ಎಂಬುದೇ ಮುಖ್ಯ. ಟೊರಾಂಟೊದಲ್ಲಿ ನೆಲೆಸಿದವರಿಗೆ ಸುಮಾರು ಮೂರೂವರೆ ಗಂಟೆಯ ವಿಮಾನಯಾನದ ದೂರದಲ್ಲಿರುವ ಕ್ಯೂಬಾ ದೇಶವನ್ನೇ ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಕ್ಯೂಬಾ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕಮ್ಯೂನಿಸಂ, ಚುಟ್ಟಾ ಮತ್ತು ಹಳೆಯ ಅಮೆರಿಕನ್ ಕಾರುಗಳು. ಆದರೆ ಅದು ಕೆರಿಬಿಯನ್ ಸಮುದ್ರದ ಅತಿ ದೊಡ್ಡ ದ್ವೀಪ. ನಾಲ್ಕು ನೂರು ವರ್ಷ ಸ್ಪೇನ್ ದೇಶದ ಆಳ್ವಿಕೆಯನ್ನು ಕಂಡ ಕಥೋಲಿಕ ನಾಡು. ಅದರ ಪುರಾತನ ಪಟ್ಟಣಗಳಲ್ಲಿ ಹಳೆಯ ಹವಾನಾ 1982ರಲ್ಲಿ, ಟ್ರಿನಿಡಾಡ್ 1988ರಲ್ಲಿ, ಸಿಯೆನ್‌ಫ್ಯೂಗೋಸ್ 2005ರಲ್ಲಿ, ಕಮಗ್ವೆ 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವುಗಳಲ್ಲಿ ಟ್ರಿನಿಡಾಡ್ ಪಟ್ಟಣದ ಹೆಸರು ಪವಿತ್ರ ತ್ರಿತ್ವದ ಹೆಸರು; ಅದೇ ಹೆಸರಿನ ಬೇರೊಂದು ದ್ವೀಪರಾಷ್ಟ್ರವಿದೆ, ಗೊಂದಲ ಬೇಡ. 1514ರಲ್ಲಿ ಸ್ಥಾಪನೆಯಾದ ಈ ಪಟ್ಟಣದಲ್ಲಿ ಉರುಟು ಕಲ್ಲು ಹಾಸಿದ ಬೀದಿಗಳು, ನಮ್ಮ ನಾಡಹೆಂಚನ್ನು ನೆನಪಿಸುವ ಕೆಂಪು ಮಾಡುಗಳು, ಆಳೆತ್ತರದ ಸರಳಿನ ಕಿಟಕಿಗಳು, ಹಳದಿ ನೀಲಿ ಬಳಿದ ಗೋಡೆಗಳು ಇವೆ. ಪಟ್ಟಣದ ಮುಖ್ಯ ಚೌಕದ ದೇವಾಲಯದಲ್ಲಿರುವ ಕ್ರಿಸ್ತ ಪ್ರತಿಮೆ ಮೆಕ್ಸಿಕೋದ ವೆರಾಕ್ರೂಸ್ ಊರಿಗೆ ಹೊರಟಿದ್ದಂತೆ. ಬಿರುಗಾಳಿ ಮತ್ತೆ ಮತ್ತೆ ಹಡಗನ್ನು ಹಿಂದಕ್ಕೆ ತಂದುದರಿಂದ ಅಲ್ಲಿಯೇ ಉಳಿಯಿತೆಂದು ಜನ ಹೇಳುತ್ತಾರೆ. ಇಂಥ ಊರಿನಲ್ಲಿ ಕಥೋಲಿಕ ಯಾತ್ರಿಕನಿಗೆ ತನ್ನ ಧರ್ಮಸಭೆಯ ಬಗ್ಗೆ ಒಂದಿಷ್ಟು ಹೆಮ್ಮೆ ಮೂಡಿದರೆ ಅದು ಸಹಜ.

ಆ ಹೆಮ್ಮೆಯೊಡನೆ ಅವನು ಪಟ್ಟಣದಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದ ಕಣಿವೆಗೂ ಹೋಗಬೇಕು. ಸಕ್ಕರೆ ಗಾಣಗಳ ಕಣಿವೆ ಎಂದೇ ಅದರ ಹೆಸರು. ಒಂದು ಕಾಲಕ್ಕೆ ಅಲ್ಲಿ 50ಕ್ಕೂ ಹೆಚ್ಚು ಗಾಣಗಳಿದ್ದವು. ಟ್ರಿನಿಡಾಡ್‌ನ ಅರಮನೆಗಳಾಗಲಿ ಅವುಗಳೊಳಗಿನ ದೀಪಗುಚ್ಛಗಳಾಗಲಿ ಆ ಸಕ್ಕರೆಯ ಹಣದಿಂದ ಬಂದವು. ಆ ಸಕ್ಕರೆ ಆಫ್ರಿಕಾದಿಂದ ಹಡಗಿನ ತಳದಲ್ಲಿ ತುಂಬಿಸಿ ತಂದ ಗುಲಾಮರ ಬೆವರಿನಿಂದ ಬಂತು. ಕ್ಯೂಬಾಕ್ಕೆ ಹೀಗೆ ತರಲ್ಪಟ್ಟವರ ಸಂಖ್ಯೆ ಏಳು ಲಕ್ಷಕ್ಕೂ ಮಿಗಿಲೆಂದು ಇತಿಹಾಸಕಾರರ ಅಂದಾಜು. ಅಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಕಣಿವೆಯ ಮನಾಕಾ ಇಸ್ನಾಗಾ ಎಂಬ ತೋಟದಲ್ಲಿ ಸುಮಾರು 45 ಮೀಟರ್ ಎತ್ತರದ, ಏಳು ಅಂತಸ್ತಿನ ಗೋಪುರವೊಂದು ಈಗಲೂ ನಿಂತಿದೆ. ಕಬ್ಬಿನ ಗದ್ದೆಯಲ್ಲಿ ದುಡಿಯುವವರ ಮೇಲೆ ಕಣ್ಣಿಡಲು ಕಟ್ಟಿದ್ದು. ಅದರಲ್ಲಿದ್ದ ದೊಡ್ಡ ಘಂಟೆ ಕೆಲಸದ ಆರಂಭವನ್ನೂ ಮುಕ್ತಾಯವನ್ನೂ ಸಾರುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಾತೆ ಮರಿಯಮ್ಮನವರ ಪ್ರಾರ್ಥನೆಗೂ ಬಾರಿಸುತ್ತಿತ್ತು. ಗುಲಾಮನೊಬ್ಬ ಓಡಿಹೋದರೆ ಅವನನ್ನು ಬೆನ್ನಟ್ಟಲು ಎಚ್ಚರಿಸುತ್ತಿದ್ದುದೂ ಅದೇ ಘಂಟೆ. ಈಗ ಅದು ನೆಲದ ಮೇಲಿದೆ. ಪ್ರವಾಸಿಗರು ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ತ್ರಿಕಾಲ ಪ್ರಾರ್ಥನೆಯ ಘಂಟೆಯ ನಾದಕ್ಕೆ ಕೈಗೆಲಸ ಬಿಟ್ಟು ಎದ್ದು ನಿಲ್ಲುವ ಮನೆಗಳಲ್ಲಿ ಬೆಳೆದ ನಮಗೆ ಆ ಘಂಟೆಯ ಮುಂದೆ ಛಾಯಾಚಿತ್ರಕ್ಕಿಂತ ಬೇರೆ ಏನಾದರೂ ತೋಚಬೇಕು.

ಸಕ್ಕರೆಯ ಕಥೆಯಲ್ಲಿ ಇದಕ್ಕಿಂತಲೂ ಮನಸ್ಸನ್ನು ಕಲಕುವ ಪ್ರಸಂಗವೊಂದಿದೆ. ಹವಾನಾದ ಸಮೀಪ ಸಾಂತಾ ಮರಿಯಾ ದೆಲ್ ರೊಸಾರಿಯೊ, ಅಂದರೆ ಜಪಸರದ ಮಾತೆಯ ಹೆಸರು ಹೊತ್ತ ಪುಟ್ಟ ಪಟ್ಟಣವಿದೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಯ ಒಡೆಯನಾಗಿದ್ದ ಕಾಸಾ ಬಯೋನಾದ ಕೌಂಟ್ ಒಂದು ಪವಿತ್ರ ಗುರುವಾರದಂದು ತನ್ನ ಹನ್ನೆರಡು ಮಂದಿ ಗುಲಾಮರ ಪಾದಗಳನ್ನು ತೊಳೆದು, ತನ್ನ ಮೇಜಿನಲ್ಲಿ ಕುಳ್ಳಿರಿಸಿ ಉಣಬಡಿಸಿದನು. ಆ ಬಳಿಕ ಅದೇ ಗುಲಾಮರು ದಂಗೆಯೆದ್ದು ಗಾಣಕ್ಕೆ ಬೆಂಕಿಯಿಟ್ಟರು. ದಂಗೆಯನ್ನು ಅಡಗಿಸಿ, ಅವರ ತಲೆಗಳನ್ನು ಕಡಿದು ಕಂಬಗಳ ಮೇಲೆ ಏರಿಸಲಾಯಿತು. ಇತಿಹಾಸಕಾರ ಮಾನುವೆಲ್ ಮೊರೆನೊ ಫ್ರಾಹಿನಾಲ್ಸ್ ದಾಖಲಿಸಿರುವ ಈ ಘಟನೆಯನ್ನಾಧರಿಸಿ 1976ರಲ್ಲಿ ತೋಮಾಸ್ ಗುತಿಯೆರೆಸ್ ಅಲಿಯಾ ಚಲನಚಿತ್ರವೊಂದನ್ನೂ ನಿರ್ಮಿಸಿದರು. ಪಾದ ತೊಳೆದವನ ಭಕ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಮರುದಿನದಿಂದ ಮತ್ತೆ ಚಾವಟಿಯೇ ಮಾತನಾಡುವುದಾದರೆ ಆ ಊಟಕ್ಕೆ ಏನು ಅರ್ಥ?

ಈ ಪ್ರಶ್ನೆಯನ್ನು ಧರ್ಮಸಭೆಯೊಳಗಿನಿಂದಲೇ ಕೇಳಿದವರಿದ್ದರು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಗುರು ಕ್ಯೂಬಾದಲ್ಲಿ ಮೂಲನಿವಾಸಿಗಳನ್ನು ದುಡಿಸಿಕೊಳ್ಳುವ ಹಕ್ಕಿನೊಂದಿಗೆ ಭೂಮಿಯನ್ನೂ ಪಡೆದಿದ್ದವರು. 1514ರಲ್ಲಿ ಪ್ರಸಂಗಕ್ಕಾಗಿ ಸಿದ್ಧತೆ ನಡೆಸುತ್ತಿದ್ದಾಗ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಅವರ ಕಣ್ಣಿಗೆ ಬಿತ್ತು. ಬಡವರಿಂದ ಕಿತ್ತುಕೊಂಡದ್ದನ್ನು ದೇವರಿಗೆ ಅರ್ಪಿಸುವವನ ಕುರಿತು ಅಲ್ಲಿರುವ ಮಾತು ಅವರನ್ನು ನಿದ್ರೆಗೆಡಿಸಿತು. ತಮಗೆ ಒಪ್ಪಿಸಲ್ಪಟ್ಟ ಜನರನ್ನು ಬಿಟ್ಟುಕೊಟ್ಟು, ಅದೇ ವರ್ಷ ಸಾಂಕ್ತಿ ಸ್ಪಿರಿತುಸ್ ಪಟ್ಟಣದಲ್ಲಿ ಒಡೆಯರ ಮುಖಕ್ಕೇ ಅವರ ಪಾಪವನ್ನು ಎತ್ತಿ ಆಡಿದರು. ಅದೇ ಕಾಸಾಸರು ಮೂಲನಿವಾಸಿಗಳನ್ನು ಉಳಿಸುವ ಆತುರದಲ್ಲಿ ಆಫ್ರಿಕಾದಿಂದ ಗುಲಾಮರನ್ನು ತರಿಸಬಹುದೆಂದು ಸಲಹೆ ಕೊಟ್ಟಿದ್ದರೆಂಬುದನ್ನೂ ಮರೆಮಾಚಬಾರದು. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು, ಅದನ್ನು ತಮ್ಮ ಇತಿಹಾಸ ಗ್ರಂಥದಲ್ಲಿ ತಾವೇ ಬರೆದಿಟ್ಟರು. ಟ್ರಿನಿಡಾಡ್‌ನಿಂದ ಸಾಂಕ್ತಿ ಸ್ಪಿರಿತುಸ್‌ಗೆ ಬಸ್ಸಿನಲ್ಲಿ ಎರಡು ಗಂಟೆಯೂ ಬೇಡ. ಆದರೂ ಅಲ್ಲಿ ಇಳಿಯುವ ಪ್ರವಾಸಿಗರು ವಿರಳ.

ಇನ್ನು ತಂಗುವ ವಿಷಯ. ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದಾಗ ಅದನ್ನೇ ನಂಬಿದ್ದ ಕ್ಯೂಬಾ ಹಸಿವಿನಿಂದ ಕಂಗೆಟ್ಟಿತು. ಆಗ ಸಂಸಾರಗಳು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಪರದೇಶಿಗಳಿಗೆ ಬಾಡಿಗೆಗೆ ಕೊಡತೊಡಗಿದವು. 1997ರಲ್ಲಿ ಸರ್ಕಾರ ಇದಕ್ಕೆ ಪರವಾನಗಿಯ ವ್ಯವಸ್ಥೆ ಮಾಡಿತು. ಬಾಗಿಲ ಮೇಲೆ ಲಂಗರನ್ನು ಹೋಲುವ ನೀಲಿ ಗುರುತು ಕಂಡರೆ ಅದು ಅತಿಥಿಗಳಿಗೆ ತೆರೆದ ಮನೆಯೆಂದು ತಿಳಿಯಬೇಕು. ನಮ್ಮ ಕೊಡಗು ಚಿಕ್ಕಮಗಳೂರುಗಳ ಹೋಂಸ್ಟೇಗಳಂತೆ ತೋಟದ ನಡುವಿನ ಬಂಗಲೆಯೆಂದು ಭಾವಿಸಬೇಡಿ. ಬಹಳಷ್ಟು ಕಡೆ ಅದು ಅಜ್ಜಿ, ಮಗಳು, ಮೊಮ್ಮಕ್ಕಳು ಒಟ್ಟಿಗಿರುವ ಸಾಧಾರಣ ಮನೆ. ಮುಂಭಾಗದ ಕೋಣೆಯಲ್ಲಿ ಎದುರುಬದುರಾಗಿ ಎರಡು ತೂಗುಕುರ್ಚಿಗಳು, ಗೋಡೆಯಲ್ಲಿ ಹೆಚ್ಚಾಗಿ ಒಂದು ಮಾತೆಯ ಚಿತ್ರ. ಬೆಳಿಗ್ಗೆ ಪಪ್ಪಾಯಿ, ಪೇರಳೆ ಹಣ್ಣು, ಮೊಟ್ಟೆ, ಕಪ್ಪು ಕಾಫಿ. ರಾತ್ರಿ ಮರಗೆಣಸಿನೊಂದಿಗೆ ಅನ್ನ ಹಾಗೂ ಕಪ್ಪು ಕಾಳು. ಈ ಅನ್ನ ಮತ್ತು ಕಾಳಿನ ಅಡುಗೆಗೆ ಅಲ್ಲಿಯವರು ‘ಮೂರರು ಮತ್ತು ಕ್ರೈಸ್ತರು’ ಎಂಬ ಅರ್ಥದ ಹೆಸರಿಟ್ಟಿರುವುದು ಒಂದು ತಮಾಷೆ.

ಹೋಟೆಲಿಗಿಂತ ಇಂಥ ಮನೆಯೇ ಮೇಲೆಂದು ನಾನು ಹೇಳುವುದು ಅಗ್ಗವೆಂಬ ಕಾರಣಕ್ಕಲ್ಲ. ಅಲ್ಲಿಯ ದೊಡ್ಡ ಹೋಟೆಲುಗಳ ಬಹುಪಾಲು ಸರ್ಕಾರದ ಅಥವಾ ಸೇನೆಯ ಅಧೀನದ ಕಂಪನಿಗಳ ಒಡೆತನದಲ್ಲಿವೆ. ಮನೆಯಲ್ಲಿ ಕೊಟ್ಟ ಹಣವಾದರೋ, ತೆರಿಗೆ ಕಳೆದು, ಆ ಅಡುಗೆಮನೆಗೇ ಸೇರುತ್ತದೆ. ಹೋಟೆಲಿನಲ್ಲಿ ನಾವು ಗಿರಾಕಿಗಳು, ಮನೆಯಲ್ಲಿ ಅತಿಥಿಗಳು. ಅತಿಥಿಗೆ ಕರ್ತವ್ಯಗಳೂ ಇವೆ. 2024ರ ಅಕ್ಟೋಬರ್‌ನಲ್ಲಿ ಇಡೀ ದೇಶದ ವಿದ್ಯುತ್ ಜಾಲವೇ ಕುಸಿದು ಕತ್ತಲಾಯಿತು. ಆ ಬಳಿಕವೂ ಹಾಗಾಗಿದೆ. ಔಷಧಿಯ ಕೊರತೆ ತೀವ್ರ. ಯುವಜನರು ಲಕ್ಷ ಲಕ್ಷ ಸಂಖ್ಯೆಯಲ್ಲಿ ದೇಶ ತೊರೆದುದರಿಂದ ಅನೇಕ ಮನೆಗಳಲ್ಲಿ ಮುದುಕರೇ ಉಳಿದಿದ್ದಾರೆ. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ ಖಾಲಿ ಮನೆ ಕಾಯುವುದು ಎಂದರೇನೆಂದು ನಮ್ಮ ಕರಾವಳಿಯ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಮನೆಯಲ್ಲಿ ಮೊಟ್ಟೆ ಒಂದೇ ಏಕೆಂದು ಗೊಣಗುವುದಾಗಲಿ, ಬಾಡಿಗೆಯಲ್ಲಿ ಚೌಕಾಸಿ ಮಾಡುವುದಾಗಲಿ ಸಲ್ಲದು. ಹೋಗುವ ಮೊದಲು ಅಲ್ಲಿಯ ಪರಿಸ್ಥಿತಿಯನ್ನು ಸರಿಯಾಗಿ ವಿಚಾರಿಸಿಕೊಳ್ಳಬೇಕು. ಜ್ವರ, ನೋವುಗಳ ಒಂದಿಷ್ಟು ಮಾತ್ರೆ, ಸಾಬೂನು ಚೀಲದಲ್ಲಿದ್ದರೆ ಒಳ್ಳೆಯದು.

ಮನೆಯೇ ಮುಖ್ಯ ಎನ್ನಲು ಇನ್ನೊಂದು ಕಾರಣವಿದೆ. 1961ರಲ್ಲಿ ಕ್ಯೂಬಾದ ಕಥೋಲಿಕ ಶಾಲೆಗಳನ್ನೆಲ್ಲ ಸರ್ಕಾರ ವಶಪಡಿಸಿಕೊಂಡಿತು. ನೂರಕ್ಕೂ ಹೆಚ್ಚು ಗುರುಗಳನ್ನು ಹಡಗು ಹತ್ತಿಸಿ ಹೊರಗಟ್ಟಿತು. 1969ರಲ್ಲಿ ಕ್ರಿಸ್ತಜಯಂತಿಯ ರಜೆಯೇ ರದ್ದಾಯಿತು. ಅದಕ್ಕೆ ಕೊಟ್ಟ ಕಾರಣ ಕಬ್ಬಿನ ಕಟಾವು! ಒಂದು ಕೋಟಿ ಟನ್ ಸಕ್ಕರೆಯ ಗುರಿಯಿಟ್ಟು ದೇಶವೇ ಗದ್ದೆಗಿಳಿಯಿತು; ಗುರಿ ಮುಟ್ಟಲಿಲ್ಲ, ಹಬ್ಬ ಮಾತ್ರ ಹೋಯಿತು. ಒಡೆಯ ಬದಲಾದರೂ ಕಬ್ಬಿನ ಗದ್ದೆಯ ಘಂಟೆ ಬದಲಾಗಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯಲಾರೆ. ರಜೆ ಮರಳಿದ್ದು 1997ರಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲರ ಭೇಟಿಯ ಮುನ್ನ. 1998ರ ಜನವರಿಯಲ್ಲಿ ಅವರು ಸಾಂತಾ ಕ್ಲಾರಾದಲ್ಲಿ ಅರ್ಪಿಸಿದ ಬಲಿಪೂಜೆಯ ಪ್ರಸಂಗದ ವಿಷಯ ಕುಟುಂಬವೇ ಆಗಿತ್ತು. ಹೊಸ ಇಗರ್ಜಿ ಕಟ್ಟಲು ಅನುಮತಿ ಸಿಗದ ಆ ಕಾಲದಲ್ಲಿ ಊರೂರುಗಳ ವಿಶ್ವಾಸಿಗಳು ತಮ್ಮ ಮನೆಯ ಮುಂಗೋಣೆಯನ್ನೇ ಪ್ರಾರ್ಥನೆಗೆ ಬಿಟ್ಟುಕೊಟ್ಟರು. ‘ಮಿಷನ್ ಮನೆ’ಗಳೆಂದು ಕರೆಯಲ್ಪಡುವ ಇಂಥ ಮನೆಗಳಲ್ಲಿ ನೆರೆಹೊರೆಯವರು ಕೂಡಿ ಶುಭಸಂದೇಶ ಓದುತ್ತಾರೆ, ಮಕ್ಕಳಿಗೆ ಧರ್ಮೋಪದೇಶ ನಡೆಯುತ್ತದೆ. ಟ್ರಿನಿಡಾಡ್‌ನಲ್ಲಿ ಫ್ರಾನ್ಸಿಸ್ಕನ್ ಮಠದ ಘಂಟೆಗೋಪುರ ಈಗ ಕ್ರಾಂತಿಯ ಸೇನೆಯ ಹೋರಾಟದ ವಸ್ತುಸಂಗ್ರಹಾಲಯವಾಗಿದೆ. ವಿಶ್ವಾಸ ಉಳಿದದ್ದು ಮುಂಗೋಣೆಗಳಲ್ಲಿ.

ದ್ವೀಪದ ಪೂರ್ವ ತುದಿಯ ಎಲ್ ಕೋಬ್ರೆ ಎಂಬ ತಾಮ್ರದ ಗಣಿಯೂರಿನಲ್ಲಿ ಕ್ಯೂಬಾದ ಪಾಲಕಿಯಾದ ಪರೋಪಕಾರದ ಮಾತೆಯ ಪುಣ್ಯಕ್ಷೇತ್ರವಿದೆ. 1612ರ ಸುಮಾರಿಗೆ ಉಪ್ಪು ತರಲು ದೋಣಿಯಲ್ಲಿ ಹೋಗಿದ್ದ ಮೂವರಿಗೆ ನೀಪೆ ಕೊಲ್ಲಿಯ ನೀರಿನಲ್ಲಿ ಹಲಗೆಯ ಮೇಲೆ ತೇಲುತ್ತಿದ್ದ ಪುಟ್ಟ ಪ್ರತಿಮೆ ದೊರೆಯಿತು. ಇಬ್ಬರು ಮೂಲನಿವಾಸಿ ಸೋದರರು. ಮೂರನೆಯವನು ಹತ್ತು ವರ್ಷದ ಕರಿಯ ಗುಲಾಮ ಹುಡುಗ, ಹುವಾನ್ ಮೊರೆನೊ. ಅವನು 85ರ ಮುದುಕನಾದಾಗ, 1687ರಲ್ಲಿ, ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯದಿಂದಲೇ ಇಂದಿಗೂ ನಾವು ಈ ವೃತ್ತಾಂತವನ್ನು ಬಲ್ಲೆವು. ಮೂವರು ಜಗದ್ಗುರುಗಳ ಭೇಟಿ ಕಂಡ ಒಂದು ದೇಶದ ಮರಿಯ ಭಕ್ತಿ ಒಬ್ಬ ಗುಲಾಮನ ಮಾತಿನ ಮೇಲೆ ನಿಂತಿದೆ.

ಇದನ್ನು ಓದುವಾಗ ನನಗೆ ಹಳಿಯಾಳ, ಯಲ್ಲಾಪುರಗಳ ಕಾಡಂಚಿನ ನೆನಪಾಗುತ್ತದೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯೇ ನಮ್ಮ ಸಿದ್ದಿ ಜನ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಕಥೋಲಿಕರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಒಂದೇ ವಿಶ್ವಾಸಸಂಗ್ರಹವನ್ನು ಹೇಳುವ ಈ ಬಾಂಧವರ ಮನೆಯಲ್ಲಿ ಒಂದು ರಾತ್ರಿ ತಂಗಿದವರು, ಒಂದು ಊಟ ಮಾಡಿದವರು ನಮ್ಮಲ್ಲಿ ಎಷ್ಟು ಮಂದಿ? ಮದುವೆ ಸಂಬಂಧದ ಮಾತನ್ನು ನಾನು ಎತ್ತುವುದಿಲ್ಲ. ಆ ಮಾತಿಗೆ ಎಷ್ಟು ಮನೆಗಳ ಬಾಗಿಲು ಮುಚ್ಚುತ್ತದೆಂಬುದು ಓದುಗರಿಗೇ ಗೊತ್ತು. ಕ್ಯೂಬಾಕ್ಕೆ ಹೋಗಲು ಹಣವಿಲ್ಲದ ಯುವಕ ಯುವತಿಯರು ಬೆನ್ನಚೀಲ ಏರಿಸಿ ಹಳಿಯಾಳದ ಬಸ್ಸು ಹತ್ತಬಹುದು. ಧರ್ಮಕೇಂದ್ರದ ಗುರುಗಳಿಗೆ ಮೊದಲೇ ತಿಳಿಸಿದರೆ ಸಾಕು.

ಕ್ಯೂಬಾಕ್ಕೇ ಹೋಗುವವರು ಟ್ರಿನಿಡಾಡ್ ಮತ್ತು ಎಲ್ ಕೋಬ್ರೆಯ ನಡುವಿನ ದಾರಿಯಲ್ಲಿ ಕಮಗ್ವೆಯಲ್ಲಿ ಒಂದು ದಿನವಾದರೂ ಇಳಿಯಲಿ. ದಾರಿ ತಪ್ಪಿಸುವ ಓಣಿಗಳ ಊರದು. ಮನೆಯಂಗಳಗಳಲ್ಲಿ ಮಳೆನೀರು ಹಿಡಿಯುವ ಹಳೆಯ ಮಣ್ಣಿನ ಹಂಡೆಗಳನ್ನು ನೋಡಬಹುದು. ಸಂತ ಜಾನ್ ದೇವರ ಸಭೆಯ ಆಸ್ಪತ್ರೆಯಿದ್ದ ಚೌಕ ಅಲ್ಲಿದೆ. ತಂದೆತಾಯಿ ಯಾರೆಂದು ಅರಿಯದ ಅನಾಥ ಶಿಶುವಾಗಿ ಹವಾನಾದಲ್ಲಿ ಬೆಳೆದ ಸಹೋದರ ಹೊಸೆ ಒಲಾಯೊ 1889ರಲ್ಲಿ ಮರಣ ಹೊಂದುವವರೆಗೆ ಐವತ್ತಕ್ಕೂ ಹೆಚ್ಚು ವರ್ಷ ಅಲ್ಲಿಯೇ ರೋಗಿಗಳ ಸೇವೆ ಮಾಡಿದರು. ಗುಲಾಮರು, ಕಾಲರಾ ಪೀಡಿತರು, ಸೈನಿಕರು ಎಂಬ ಭೇದ ಅವರಲ್ಲಿರಲಿಲ್ಲ. 1873ರಲ್ಲಿ ಸ್ಪೇನ್ ವಿರುದ್ಧ ಹೋರಾಡಿ ಮಡಿದ ಇಗ್ನಾಸಿಯೊ ಅಗ್ರಮೋಂತೆಯ ಶವವನ್ನು ಸ್ಪೇನಿನ ಸೈನಿಕರು ತಂದು ಆ ಆಸ್ಪತ್ರೆಯಲ್ಲಿ ಕೆಡವಿದಾಗ, ಎಲ್ಲರ ಕಣ್ಣೆದುರಿನಲ್ಲಿ ಅದರ ಮುಖ ತೊಳೆದು ಪ್ರಾರ್ಥಿಸಿದವರು ಒಲಾಯೊ. 2008ರ ನವೆಂಬರ್ 29ರಂದು ಅದೇ ಊರಿನಲ್ಲಿ ಅವರನ್ನು ಪುನೀತರೆಂದು ಘೋಷಿಸಲಾಯಿತು. ಅವರ ಅವಶೇಷಗಳಿರುವ ಸಣ್ಣ ದೇವಾಲಯ ಆ ಚೌಕದಲ್ಲಿಯೇ ಇದೆ. ಬಲಿಪೂಜೆಯ ಹೊತ್ತನ್ನು ತಂಗಿದ ಮನೆಯ ಅಜ್ಜಿಯನ್ನೇ ಕೇಳಿ ತಿಳಿಯುವುದು ಲೇಸು; ಅವರಿಗೂ ಇಗರ್ಜಿಯವರೆಗೆ ಜೊತೆಯೊಂದು ಸಿಕ್ಕಂತಾಗುತ್ತದೆ.